1850ರ ಸೆನ್ಸಸ್‌ನಿಂದ ಹಿಂದಕ್ಕೆ ಹೋಗಲು ದಾರಿ? (ಓಹಾಯೋ, ಪೆನ್ಸಿಲ್ವೇನಿಯಾ)

ಪ್ರಶ್ನೆ:
ಒಂದು ವಂಶದ ಮೂಲ ಹುಡುಕುತ್ತಿದ್ದೇನೆ. ಅಮೆರಿಕದ ಓಹಾಯೋ ರಾಜ್ಯದ 1850ರ ಗಣತಿಯಲ್ಲಿ ಮಿಲ್ಲರ್ ಮನೆತನದ ಒಬ್ಬ ರೈತ ಸಿಕ್ಕಿದ್ದಾನೆ. ವಯಸ್ಸು 34, ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ. ಮನೆಯಲ್ಲಿ 12, 10, 7 ವರ್ಷದ ಮಕ್ಕಳು. ದೊಡ್ಡವರಿಬ್ಬರು ಪೆನ್ಸಿಲ್ವೇನಿಯಾದಲ್ಲಿ, ಚಿಕ್ಕವನು ಓಹಾಯೋದಲ್ಲಿ ಹುಟ್ಟಿದವರು. 1840ರ ಪಟ್ಟಿಯಲ್ಲಿ ಇದೇ ಹೆಸರಿನವರು ಹತ್ತಾರು ಜನ. ಇವನ ತಂದೆಯನ್ನು ಹಿಡಿಯುವುದು ಹೇಗೆ?

ಉತ್ತರ 1:
1840ರವರೆಗಿನ ಗಣತಿಯಲ್ಲಿ ಇರುವುದು ಮನೆ ಯಜಮಾನನ ಹೆಸರೊಂದೇ, ಉಳಿದವರು ವಯಸ್ಸಿನ ಕಲಮುಗಳಲ್ಲಿ ಬರೀ ಅಂಕಿ. ಅವನು ಆಗ ಅಪ್ಪನ ಮನೆಯಲ್ಲೇ ಇದ್ದಿದ್ದರೆ ಹೆಸರೇ ಬರುವುದಿಲ್ಲ. ಮೊದಲು ಮುಂದಕ್ಕೆ, 1880ಕ್ಕೆ ಹೋಗಿ. ತಂದೆ ತಾಯಿ ಹುಟ್ಟಿದ ರಾಜ್ಯ, ಯಜಮಾನನಿಗೆ ಏನಾಗಬೇಕು ಎಂಬುದು ಎರಡೂ ಅದರಲ್ಲಿವೆ. 1850ರಲ್ಲಿ ಸಂಬಂಧದ ಕಲಮು ಇಲ್ಲ. ಮಕ್ಕಳ ತಾಯಿ ಅಂದುಕೊಂಡವಳು ಮಲತಾಯಿಯೋ, ಅವನ ತಂಗಿಯೋ ಆಗಿರಬಹುದು.

ಉತ್ತರ 2:
ಮಕ್ಕಳ ವಯಸ್ಸೇ ಸುಳಿವು: ವಲಸೆ ಸುಮಾರು 1840 ಮತ್ತು 1843ರ ನಡುವೆ. (ಗಣತಿಯ ವಯಸ್ಸು ಒಂದೆರಡು ವರ್ಷ ಆಚೀಚೆ ಇರುತ್ತದೆ.) ಓಹಾಯೋದ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಕಚೇರಿಯಲ್ಲಿ ಅವನು ಜಮೀನು ಕೊಂಡ ಮೊದಲ ಕ್ರಯಪತ್ರ ತೆಗೆಸಿ. ಕೊಳ್ಳುವವನು ಯಾವ ಕೌಂಟಿಯವನು ಎಂದು ಅದರಲ್ಲಿ ಎಷ್ಟೋ ಸಲ ಬರೆದಿರುತ್ತದೆ. ಆ ಒಂದು ಪದ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪೆನ್ಸಿಲ್ವೇನಿಯಾದಲ್ಲಿ ಮದುವೆ ಲೈಸೆನ್ಸ್ ಹುಡುಕಬೇಡಿ, ಅದು ಶುರುವಾದದ್ದೇ 1885ರಲ್ಲಿ. ಅಲ್ಲಿಯವರೆಗೆ ಚರ್ಚ್ ರಿಜಿಸ್ಟರೇ ಗತಿ. ಅಲ್ಲಿನ ಜರ್ಮನ್ ವಲಸಿಗರ ಲೂಥರನ್, ರಿಫಾರ್ಮ್ಡ್ (ಎರಡೂ ಪ್ರೊಟೆಸ್ಟಂಟ್ ಪಂಗಡಗಳು) ಚರ್ಚುಗಳ ಪುಸ್ತಕಗಳು ಹೆಚ್ಚಾಗಿ ಜರ್ಮನ್‌ನಲ್ಲಿವೆ, ಹಾಗಾಗಿ ಮಿಲ್ಲರ್‌ನ ಜರ್ಮನ್ ರೂಪವಾದ ಮ್ಯೂಲರ್ ಎಂದೂ ಹುಡುಕಿ. ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರ ಹೆಸರು ಬರೆದುಕೊಳ್ಳಿ, ಬಹುತೇಕ ನೆಂಟರೇ ಇರುತ್ತಾರೆ.

ಪ್ರಶ್ನೆ ಕೇಳಿದವರು:
ಕೌಂಟಿ ಸಿಕ್ಕಿತು ಅಂದುಕೊಳ್ಳೋಣ. ತಂದೆ ಉಯಿಲು ಬರೆಯದೆ ಸತ್ತಿದ್ದರೆ?

ಉತ್ತರ 3:
ಹಾಗಾಗಿದ್ದರೆ ನಿಮಗೇ ಲಾಭ. ಉಯಿಲಿನಲ್ಲಿ ಆಗಲೇ ಪಾಲು ಕೊಟ್ಟ ಮಗನ ಹೆಸರು ಬಿಟ್ಟುಹೋಗಬಹುದು. ಉಯಿಲಿಲ್ಲದೆ ಜಮೀನು ಪಾಲಾಗಲು ಪೆನ್ಸಿಲ್ವೇನಿಯಾದಲ್ಲಿ ಸತ್ತವರ ಆಸ್ತಿ ವಿಚಾರ ನೋಡುವ ಆರ್ಫನ್ಸ್ (ಅನಾಥರ) ಕೋರ್ಟ್‌ಗೆ ಬಂದರೆ ವಾರಸುದಾರರೆಲ್ಲರನ್ನೂ ಹೆಸರಿಸಬೇಕು, ಓಹಾಯೋಗೆ ಹೋದವನನ್ನೂ, ಮದುವೆಯಾದ ಹೆಣ್ಣುಮಕ್ಕಳ ಗಂಡಂದಿರನ್ನೂ. ಹೆಸರಿನಿಂದ ಮೋಸಹೋಗಬೇಡಿ; ಆ ಕೋರ್ಟು ಅನಾಥರಿಗಷ್ಟೇ ಇದ್ದದ್ದಲ್ಲ.

ಅಲ್ಲಿ ಸಿಗದಿದ್ದರೆ ಹಕ್ಕು ಬಿಡುಗಡೆ ಪತ್ರಗಳನ್ನು ನೋಡಿ. ಸೂಚಿಯಲ್ಲಿ ಸಾಮಾನ್ಯವಾಗಿ ಮೊದಲ ಸಹಿದಾರನ ಹೆಸರು ಮಾತ್ರ, ಮಿಕ್ಕವರು "ಮತ್ತಿತರರು". ನಿಮ್ಮವನು ಆ ಮತ್ತಿತರರಲ್ಲಿ ಅಡಗಿರುತ್ತಾನೆ, ಆದ್ದರಿಂದ ಆ ಕೌಂಟಿಯ ಮಿಲ್ಲರ್ ಪತ್ರಗಳನ್ನೆಲ್ಲ ತೆರೆದು ಓದಲೇಬೇಕು. ಕೌಂಟಿ ಒಡೆದು ಹೊಸದಾಗಿದ್ದರೆ ಹಳೆಯ ದಾಖಲೆ ಮೂಲ ಕೌಂಟಿಯಲ್ಲೇ ಉಳಿದಿರುತ್ತದೆ.