2ರ 67ನೇ ಘಾತದಿಂದ 1 ಕಳೆದರೂ ಸಮ ಸಂಖ್ಯೆಯೇ ಬರುತ್ತಿದೆ, ಏಕೆ?

ಸಂಖ್ಯಾಸಕ್ತ:
ಎಲ್ಲರಿಗೂ ನಮಸ್ಕಾರ. ಮರ್ಸೆನ್ ಸಂಖ್ಯೆಗಳ (2ರ ಘಾತದಿಂದ 1 ಕಳೆದು ಬರುವ ಸಂಖ್ಯೆಗಳ) ಅಪವರ್ತನಗಳನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಹುಡುಕುತ್ತಿದ್ದೇನೆ. 2ರ 67ನೇ ಘಾತದಿಂದ 1 ಕಳೆದರೆ 147573952589676412928 ಬರುತ್ತಿದೆ. ಬೆಸವಾಗಿರಬೇಕಾದ ಸಂಖ್ಯೆ 2ರಿಂದ ಭಾಗವಾಗುತ್ತಿದೆ! ಸ್ಪ್ರೆಡ್‌ಶೀಟ್ ಅಂತೂ 147573952589676000000 ಎಂದು ತೋರಿಸುತ್ತದೆ. ಮ್ಯಾಥ್ ಮಾಡ್ಯೂಲಿನ ಪೌ (ಘಾತ ಲೆಕ್ಕ ಹಾಕುವ ಫಂಕ್ಷನ್) ಬಳಸಿ, ಉತ್ತರವನ್ನು ಇಂಟ್‌ಗೆ (ಪೂರ್ಣಾಂಕಕ್ಕೆ) ಬದಲಿಸಿದ್ದೇನೆ. ದೋಷ ಎಲ್ಲಿದೆ?

ಗಣಿತದ ಮೇಷ್ಟ್ರು:
ದೋಷ ಆ ಪೌನಲ್ಲಿಯೇ ಇದೆ. ಅದು ಕೊಡುವುದು ಫ್ಲೋಟ್, ಅಂದರೆ ಸೀಮಿತ ನಿಖರತೆಯ ದಶಮಾಂಶ ಸಂಖ್ಯೆ. ಅದರಲ್ಲಿ 53 ಬಿಟ್‌ಗಳಷ್ಟೇ (ದ್ವಿಮಾನ ಅಂಕಿಗಳಷ್ಟೇ) ನಿಖರತೆ. 2ರ 67ನೇ ಘಾತಕ್ಕೆ ತೀರ ಹತ್ತಿರದ ಕೆಳಗಿನ ಫ್ಲೋಟ್ 16,384ರಷ್ಟು ದೂರದಲ್ಲಿದೆ. ನೀವು ಕಳೆದ 1 ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಇಂಟ್‌ಗೆ ಬದಲಿಸಿದರೆ ಕಳೆದುಹೋದದ್ದು ಮರಳುವುದಿಲ್ಲ. ನೇರವಾಗಿ 2**67 - 1 ಎಂದು ಬರೆಯಿರಿ (** ಎಂದರೆ ಘಾತ). ಪೈಥಾನ್‌ನ ಪೂರ್ಣಾಂಕಗಳಿಗೆ ಅಂಕಿಗಳ ಮಿತಿಯಿಲ್ಲ. ಸ್ಪ್ರೆಡ್‌ಶೀಟ್ 15 ಅಂಕಿಗಳಿಗೇ ನಿಂತುಬಿಡುತ್ತದೆ, ಈ ಕೆಲಸಕ್ಕೆ ಅದನ್ನು ನಂಬಬೇಡಿ.

ಸಂಖ್ಯಾಸಕ್ತ:
ಧನ್ಯವಾದ ಮೇಷ್ಟ್ರೇ, ಈಗ ಕೊನೆಯ ಅಂಕಿ 7. ಆದರೆ 3, 5, 7 ಎಂದು ಬೆಸ ಸಂಖ್ಯೆಗಳಿಂದ ಭಾಗಿಸುತ್ತ ಹೋದರೆ ಪ್ರೋಗ್ರಾಂ ಮುಗಿಯುವ ಲಕ್ಷಣವೇ ಇಲ್ಲ.

ಗಣಿತದ ಮೇಷ್ಟ್ರು:
ವರ್ಗಮೂಲವೇ 1,214 ಕೋಟಿ ದಾಟುತ್ತದೆ, ಎಲ್ಲವನ್ನೂ ಪರೀಕ್ಷಿಸುವುದು ವ್ಯರ್ಥ. ಈ ಸಂಖ್ಯೆಯ ಗುಣವನ್ನೇ ಬಳಸಿಕೊಳ್ಳಿ. ಯಾವುದೋ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಎನ್ನೋಣ. ಆಗ ಆ ಅವಿಭಾಜ್ಯದಿಂದ ಭಾಗಿಸಿದಾಗ 2ರ 67ನೇ ಘಾತದ ಶೇಷ 1. 67 ಅವಿಭಾಜ್ಯವಾದ್ದರಿಂದ ಅದಕ್ಕಿಂತ ಮೊದಲು ಯಾವ ಘಾತದಲ್ಲೂ ಶೇಷ 1 ಬರಲಾರದು. ಫರ್ಮಾನ ಕಿರು ಪ್ರಮೇಯದ ಪ್ರಕಾರ, ಆ ಅವಿಭಾಜ್ಯದಲ್ಲಿ 1 ಕಳೆದು ಉಳಿದಷ್ಟು ಘಾತಕ್ಕೆ 2ನ್ನು ಏರಿಸಿದರೂ ಶೇಷ 1; ಹಾಗಾಗಿ ಆ ಉಳಿದದ್ದು 67ರ ಗುಣಕ. ಸಮ ಸಂಖ್ಯೆಯೂ ಹೌದು, ಹಾಗಾಗಿ 134ರ ಗುಣಕ. ಅಂದರೆ 134ರ ಗುಣಕಕ್ಕೆ 1 ಕೂಡಿಸಿದ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು. ಅವುಗಳಲ್ಲೂ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರುವವು ಮಾತ್ರ. ಅರ್ಧದಷ್ಟು ಕೆಲಸ ಅಲ್ಲೇ ಉಳಿಯುತ್ತದೆ. ಎಷ್ಟು ಸೊಗಸಾದ ಜರಡಿ!

ಹಳೆಯ ಲೆಕ್ಕಿಗ:
ಒಂದು ಎಚ್ಚರಿಕೆ: ಭಾಗವಾಯಿತೇ ಎಂದು ನೋಡಲು ಒಂಟಿ ಓರೆಗೆರೆ (/) ಬಳಸಬೇಡಿ, ಮತ್ತೆ ಫ್ಲೋಟ್ ಬರುತ್ತದೆ. % ಬಳಸಿ ಶೇಷ ನೋಡಿ. ಅಂದಹಾಗೆ, ಈ ಸಂಖ್ಯೆಗಳಿಗೆ ಹೆಸರು ಕೊಟ್ಟ ಫ್ರಾನ್ಸಿನ ಮರ್ಸೆನ್ 1644ರಲ್ಲಿ 2ರ 67ನೇ ಘಾತದಿಂದ 1 ಕಳೆದ ಈ ಸಂಖ್ಯೆಯನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅದು ಅವಿಭಾಜ್ಯವಲ್ಲ ಎಂದು 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ತೋರಿಸಿದರು, ಅಪವರ್ತನಗಳನ್ನು ಹೇಳದೆಯೇ. ಅವುಗಳನ್ನು 1903ರಲ್ಲಿ ಮುಂದಿಟ್ಟವರು ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ನೆಲ್ಸನ್ ಕೋಲ್. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ಲೆಕ್ಕ ಮಾಡಿದವರ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಸಂಖ್ಯಾಸಕ್ತ:
ಸಿಕ್ಕಿತು! 134ನ್ನು 1445580ರಿಂದ ಗುಣಿಸಿ 1 ಕೂಡಿಸಿದಾಗ 193707721, ಶೇಷ ಸೊನ್ನೆ. ಇನ್ನೊಂದು ಅಪವರ್ತನ 761838257287. ಇವೆರಡೂ ಅವಿಭಾಜ್ಯವೇ ಎಂದು ಬೇರೆಯಾಗಿ ಪರೀಕ್ಷಿಸಬೇಕೇ?

ಗಣಿತದ ಮೇಷ್ಟ್ರು:
ಬೇಕಿಲ್ಲ. ಚಿಕ್ಕದರಿಂದ ಆರಂಭಿಸಿ ಕ್ರಮವಾಗಿ ಹುಡುಕಿದ್ದೀರಿ. 193707721ಕ್ಕೆ ಬೇರೆ ಅಪವರ್ತನವಿದ್ದಿದ್ದರೆ ಅದು ಮೊದಲೇ ಸಿಗುತ್ತಿತ್ತು. ದೊಡ್ಡದರ ವರ್ಗಮೂಲ 8,72,834ಕ್ಕಿಂತ ಕಡಿಮೆ. ಅದು ಒಡೆಯುವಂತಿದ್ದರೆ ಅಷ್ಟರೊಳಗೆ ಒಂದು ಅವಿಭಾಜ್ಯ ಅಪವರ್ತನ ಇರಬೇಕಿತ್ತು, ಅದು ಮೂಲ ಸಂಖ್ಯೆಯನ್ನೂ ಭಾಗಿಸಬೇಕಿತ್ತು. ಆ ವ್ಯಾಪ್ತಿಯನ್ನು ನಿಮ್ಮ ಪ್ರೋಗ್ರಾಂ ಆಗಲೇ ದಾಟಿ ಬಂದಿದೆ.