ಅಪ್‌ಡೇಟ್: ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ ಕೊನೆಗೂ ಬದಲಾಯಿತು

ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲೆದ್ದಿದೆ, ಕ್ಲಿಕ್ ಆಗ್ತಿಲ್ಲ, ಈ ಮಾಡೆಲ್‌ನ ಬ್ಯಾಟರಿಗಳನ್ನು ಕಂಪನಿ ವಾಪಸ್ ತಗೊಳ್ತಿದೆಯಂತೆ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಮೊದಲು ಚಾರ್ಜ್ ಮಾಡೋದು ನಿಲ್ಲಿಸಿ" ಅಂದವರ ಮಾತು ಕೇಳಿದ್ದು ಒಳ್ಳೆಯದಾಯಿತು. ಸರ್ವಿಸ್ ಸೆಂಟರ್‌ನಲ್ಲಿ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಕೊನೆಯ ಸ್ಕ್ರೂ ಸಡಿಲವಾಗುತ್ತಿದ್ದಂತೆ ಹಿಂಬದಿ ಮುಚ್ಚಳ ತಾನಾಗಿಯೇ ಮೇಲೆದ್ದಿತು. ಚಪ್ಪಟೆ ಇರಬೇಕಾದ ಸೆಲ್ ದಿಂಬಿನ ಹಾಗೆ ಊದಿಕೊಂಡಿತ್ತು. ಲಿಥಿಯಂ ಅಯಾನ್ ಸೆಲ್ ಒಳಗಿನ ಎಲೆಕ್ಟ್ರೋಲೈಟ್ (ಅಯಾನ್‌ಗಳು ಓಡಾಡೋ ರಾಸಾಯನಿಕ) ಕೆಟ್ಟರೆ ಗ್ಯಾಸ್ ಆಗುತ್ತದೆ, ಅದಕ್ಕೇ ಈ ಊತ. ದಯವಿಟ್ಟು ಅದನ್ನು ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತಬಹುದು.

ಮೊದಲ ಸಲ ಹೋದಾಗ "ವಾರಂಟಿ ಮುಗಿದಿದೆ" ಅಂತ ಸುಮ್ನೆ ವಾಪಸ್ ಕಳಿಸಿದ್ದರು. ತುಂಬಾ ಸಿಟ್ಟು ಬಂತು. ತಯಾರಿಕೆಯಲ್ಲೇ ದೋಷ ಇದೆ ಅಂತ ಕಂಪನಿಯೇ ಒಪ್ಪಿಕೊಂಡ ಮೇಲೆ ವಾರಂಟಿ ಮಾತು ಯಾಕೆ ಬರಬೇಕು, ಅಲ್ವಾ? ಸೀರಿಯಲ್ ನಂಬರ್, ಫೋಟೋ ಎರಡನ್ನೂ ಇಮೇಲ್‌ನಲ್ಲಿ ಕಳಿಸಿದೆ. ನಾಲ್ಕನೇ ದಿನ ಒಪ್ಪಿಕೊಂಡರು. ಹೊಸ ಬ್ಯಾಟರಿಗೆ ದುಡ್ಡು ತಗೊಳ್ಳಲಿಲ್ಲ.

ಇದು ಹೊಸ ಕಥೆಯೇನಲ್ಲ. 1994ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಅನ್ನೋ ಕಂಪ್ಯೂಟರ್ ಚಿಪ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತಿತ್ತು. ತೊಂದರೆ ಆಗುತ್ತದೆ ಅಂತ ತೋರಿಸಿದವರಿಗೆ ಮಾತ್ರ ಬದಲಿ ಅಂತ ಇಂಟೆಲ್ ಮೊದಲು ಹೇಳಿತ್ತು. ಜನ ರೊಚ್ಚಿಗೆದ್ದ ಮೇಲೆ ಅದೇ ಡಿಸೆಂಬರ್‌ನಲ್ಲಿ ಕೇಳಿದವರಿಗೆಲ್ಲ ಕೊಡಲು ಒಪ್ಪಿತು. ಆವತ್ತು ಬಳಕೆದಾರರು ಪಟ್ಟು ಬಿಡದೆ ಕೇಳಿದ್ದಕ್ಕೇ ಅದು ಆಗಿದ್ದು.

ಟಚ್‌ಪ್ಯಾಡ್‌ನ ಬಲ ಮೂಲೆ ಮಾತ್ರ ಇನ್ನೂ ಸ್ವಲ್ಪ ಎತ್ತಿಕೊಂಡಿದೆ. ಅದು ಬಾಗಿದ್ದು ಬ್ಯಾಟರಿಯಿಂದಲೇ. ಹಾಗಾಗಿ ಅದನ್ನೂ ಬದಲಾಯಿಸಿ ಅಂತ ಇವತ್ತು ಮತ್ತೆ ಬರೆದಿದ್ದೇನೆ.