ಓದುಗರೇ ಒಡೆಯರಾಗಿರುವ ಬರ್ಲಿನ್ ಪತ್ರಿಕೆ: ಕಾಗದ ನಿಂತದ್ದು ಸೋಲೇ?

ಅಚ್ಚುಮೊಳೆ:

ಓದುಗರ ಸಹಕಾರ ಸಂಘದ ಒಡೆತನದಲ್ಲಿರುವ, ಎಡಪಂಥೀಯ ಒಲವಿನ ಬರ್ಲಿನ್ ದಿನಪತ್ರಿಕೆ ‘ತಾತ್ಸ್’ 2025ರ ಅಕ್ಟೋಬರ್ 17ರಂದು ವಾರದ ದಿನಗಳ ಮುದ್ರಣವನ್ನು ನಿಲ್ಲಿಸಿತು. ಈಗ ವಾರಾಂತ್ಯದ ಸಂಚಿಕೆಯೊಂದೇ ಕಾಗದದಲ್ಲಿ ಬರುತ್ತಿದ್ದು, ಉಳಿದ ದಿನಗಳ ಪತ್ರಿಕೆಯನ್ನು ಪರದೆಯ ಮೇಲೆ ಓದಬೇಕು. ‘ಓದುಗರೇ ಮಾಲೀಕರಾಗಿದ್ದ ಪತ್ರಿಕೆಯೂ ಕೊನೆಗೆ ಉಳಿಯಲಿಲ್ಲ’ ಎಂದು ಇದನ್ನು ಉದಾಹರಿಸುವವರನ್ನು ಕಂಡಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಪತ್ರಿಕೆಯ ಆರಂಭದಿಂದ ಸುಮಾರು 40 ವರ್ಷ ಆಡಳಿತ ನೋಡಿಕೊಂಡ ಕಾರ್ಲ್ ಹೈಂಟ್ಸ್ ರೂಖ್ ಅವರು, ವಾರದ ದಿನಗಳ ಮುದ್ರಣ ಬಹಳ ಕಾಲ ನಡೆಯಲಾರದೆಂದು 2018ರಲ್ಲಿಯೇ ಸಂಘದ ಸದಸ್ಯರ ಮುಂದೆ ಬಿಚ್ಚಿಟ್ಟಿದ್ದರು. ದೇಶದ ಉದ್ದಗಲಕ್ಕೂ ಚದುರಿರುವ ಚಂದಾದಾರರ ಮನೆಗಳಿಗೆ ಬೆಳಗಾಗುವುದರೊಳಗೆ ಕಾಗದ ತಲುಪಿಸುವ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹಾಗಾಗಿ ಒಡೆಯರೆನಿಸಿಕೊಂಡ ಓದುಗರಿಗೆ ಏಳು ವರ್ಷಗಳ ಮುನ್ಸೂಚನೆ ಸಿಕ್ಕಿತು. ಆ ಅವಧಿಯಲ್ಲಿ ಅವರು ಒಬ್ಬೊಬ್ಬರಾಗಿ ಪರದೆಯ ಸಂಚಿಕೆಗೆ ಬದಲಾದರು, ಹಣವನ್ನೂ ಹೂಡಿದರು. ಇದೇ ಜರ್ಮನಿಯಲ್ಲಿ 2012ರ ನವೆಂಬರಿನಲ್ಲಿ ‘ಫ್ರಾಂಕ್‌ಫುರ್ಟರ್ ರುಂಡ್‌ಶೌ’ ದಿವಾಳಿ ಅರ್ಜಿ ಹಾಕಿತು, ಮರುತಿಂಗಳು ‘ಫೈನಾನ್ಶಿಯಲ್ ಟೈಮ್ಸ್ ಡಾಯ್ಚ್‌ಲಾಂಡ್’ ಮುಚ್ಚಿಯೇಹೋಯಿತು. ಆ ಎರಡು ಪತ್ರಿಕೆಗಳ ಓದುಗರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮುಚ್ಚುವುದಕ್ಕೂ ಬದಲಾಗುವುದಕ್ಕೂ ಇರುವ ಅಂತರವನ್ನು ಇಲ್ಲಿ ಒಡೆತನವೇ ತೀರ್ಮಾನಿಸಿತು ಎಂಬುದು ನನ್ನ ವಾದ.

ಕೂಲಿಲೆಕ್ಕ:

ನಿಮ್ಮ ವಾದದಲ್ಲಿ ಓದುಗರಿದ್ದಾರೆ, ಪತ್ರಿಕೆಯಲ್ಲಿ ದುಡಿದವರು ಕಾಣುವುದಿಲ್ಲ. ಮೊದಲ ವರ್ಷಗಳಲ್ಲಿ ಅಲ್ಲಿ ಸಂಪಾದಕರಿಗೂ ಅಕ್ಷರ ಜೋಡಿಸುವವರಿಗೂ ಒಂದೇ ಸಂಬಳವಿತ್ತೆಂದು ಎಲ್ಲರೂ ಮೆಚ್ಚಿ ಹೇಳುತ್ತಾರೆ. ಆದರೆ ಆ ಸಮಾನ ಸಂಬಳವೆಂದರೆ ಎಲ್ಲರಿಗೂ ಸಮನಾಗಿ ಕಡಿಮೆಯಾದ ಸಂಬಳ. 1990ರ ದಶಕದ ಆರಂಭದಲ್ಲಿ ಆ ಪದ್ಧತಿ ಹೋದ ಮೇಲೂ ಬೇರೆ ದೊಡ್ಡ ಪತ್ರಿಕೆಗಳ ವೇತನಕ್ಕೆ ಇವರದು ಸರಿಸಾಟಿಯಾಗಲಿಲ್ಲ. ಅಲ್ಲಿ ಕೈ ಪಳಗಿಸಿಕೊಂಡ ಎಷ್ಟೋ ವರದಿಗಾರರು ಮುಂದೆ ‘ಷ್ಪೀಗೆಲ್’, ‘ತ್ಸೈಟ್’ ಮುಂತಾದ ದೊಡ್ಡ ಪತ್ರಿಕೆಗಳಿಗೆ ಸೇರಿದ್ದಾರೆ.

ನಾನು ಸಣ್ಣ ಪತ್ರಿಕೆಯೊಂದರ ಪುರವಣಿ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದವನು. ‘ಇದು ನಮ್ಮೆಲ್ಲರ ಪತ್ರಿಕೆ’ ಎಂಬ ಮಾತು ಸಂಬಳದ ದಿನ ಹೇಗೆ ಕೇಳಿಸುತ್ತದೆಂದು ನನಗೆ ಗೊತ್ತು. ಓದುಗನ ಸ್ವಾತಂತ್ರ್ಯಕ್ಕೆ ಬೆಲೆ ತೆತ್ತವನು ನೌಕರನಾದರೆ, ಆ ಸ್ವಾತಂತ್ರ್ಯದ ಕೀರ್ತಿಯನ್ನು ಓದುಗನೊಬ್ಬನೇ ಹೊತ್ತುಕೊಳ್ಳುವುದು ನ್ಯಾಯವಲ್ಲ.

ಸ್ಪ್ರೇದಂಡೆ:

ಹದಿನಾಲ್ಕು ವರ್ಷಗಳಿಂದ ಬರ್ಲಿನ್ನಿನಲ್ಲಿದ್ದೇನೆ, ಈ ಪತ್ರಿಕೆಯ ಚಂದಾದಾರನೂ ಹೌದು. ಕೂಲಿಲೆಕ್ಕ ಅವರ ಮಾತಿಗೆ ಉತ್ತರಿಸುವ ಮೊದಲು, ಪತ್ರಿಕೆ ಯಾವ ಸಂಕಟದಿಂದ ಹುಟ್ಟಿತೆಂಬುದನ್ನು ಹೇಳಬೇಕು. ಅದನ್ನು ಬಿಟ್ಟರೆ ಅಲ್ಲಿ ದುಡಿದವರು ಕಡಿಮೆ ಸಂಬಳಕ್ಕೆ ಯಾಕೆ ಒಪ್ಪಿದರೆಂಬುದು ಅರ್ಥವಾಗುವುದಿಲ್ಲ.

1977ರ ಶರತ್ಕಾಲದಲ್ಲಿ ‘ರೆಡ್ ಆರ್ಮಿ ಫ್ಯಾಕ್ಷನ್’ ಎಂಬ ಸಶಸ್ತ್ರ ಗುಂಪು ಉದ್ಯಮಿಗಳ ಸಂಘದ ಅಧ್ಯಕ್ಷ ಹಾನ್ಸ್ ಮಾರ್ಟಿನ್ ಷ್ಲೈಯರ್ ಅವರನ್ನು ಅಪಹರಿಸಿ, ಕೊನೆಗೆ ಕೊಂದಿತು. ಆ ವಾರಗಳಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಸುದ್ದಿ ತಡೆಹಿಡಿಯುವಂತೆ ಪತ್ರಿಕೆಗಳನ್ನು ಕೋರಿತು, ಪತ್ರಿಕೆಗಳು ಬಹುಮಟ್ಟಿಗೆ ಒಪ್ಪಿಕೊಂಡವು. ಹಿಂಸೆಯನ್ನು ಒಪ್ಪದ, ಆದರೆ ಸರ್ಕಾರ ಹೇಳಿದ್ದನ್ನಷ್ಟೇ ಓದಲು ಮನಸ್ಸಿಲ್ಲದ ಎಡಪಂಥೀಯ ಯುವಜನರಿಗೆ ತಮ್ಮದೆನ್ನುವ ದಿನಪತ್ರಿಕೆಯೇ ಇಲ್ಲವೆಂಬ ಕೊರತೆ ಆಗ ಚುಚ್ಚತೊಡಗಿತು. 1978ರ ಜನವರಿ ಕೊನೆಯಲ್ಲಿ ಪಶ್ಚಿಮ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ‘ಟುನಿಕ್ಸ್’ ಎಂಬ ಸಮಾವೇಶಕ್ಕೆ ಸಾವಿರಾರು ಜನ ಸೇರಿದರು. ಪತ್ರಿಕೆಯ ಯೋಚನೆ ಅಲ್ಲಿ ಬಲಗೊಂಡಿತು. ಮುಂದೆ ಗ್ರೀನ್ ಪಕ್ಷದಿಂದ ಸಂಸದರಾದ ವಕೀಲ ಹಾನ್ಸ್ ಕ್ರಿಸ್ಟಿಯಾನ್ ಷ್ಟ್ರೋಬೆಲೆ ಆ ಕೆಲಸದಲ್ಲಿ ಮುಂಚೂಣಿಯಲ್ಲಿದ್ದರು. 1973ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾಗಿದ್ದ ‘ಲಿಬೆರಾಸ್ಯೋಂ’ ದಿನಪತ್ರಿಕೆ ಅವರ ಕಣ್ಣ ಮುಂದಿತ್ತು. ಕೈಯಲ್ಲಿ ಬಂಡವಾಳ ಇರಲಿಲ್ಲವಾದ್ದರಿಂದ ಊರೂರುಗಳಲ್ಲಿ ಗುಂಪು ಕಟ್ಟಿ, ಇನ್ನೂ ಹುಟ್ಟದ ಪತ್ರಿಕೆಗೆ ಮುಂಗಡ ಚಂದಾ ಎತ್ತಿದರು. 1979ರ ಏಪ್ರಿಲ್ 17ರಿಂದ ಪತ್ರಿಕೆ ಪ್ರತಿದಿನ ಹೊರಬರತೊಡಗಿತು. ಅಂದರೆ, ಕಾನೂನಿನ ಪ್ರಕಾರ ಓದುಗರು ಮಾಲೀಕರಾಗುವುದಕ್ಕೆ ಹದಿಮೂರು ವರ್ಷ ಮೊದಲೇ ಈ ಪತ್ರಿಕೆ ಓದುಗರ ಹಣದ ಮೇಲೆ ನಿಂತಿತ್ತು.

ಅಲ್ಲಿ ದುಡಿದವರ ಸ್ಥಾನ ಏನಿತ್ತೆಂಬುದನ್ನು ಒಂದು ಪುಟ್ಟ ಸಂಗತಿ ತೋರಿಸುತ್ತದೆ. ವೆಡಿಂಗ್ ಬಡಾವಣೆಯ ವಾಟ್ ಬೀದಿಯ ಆ ಹಳೆಯ ಕಚೇರಿಯ ದಿನಗಳಲ್ಲಿ ಅಕ್ಷರ ಜೋಡಿಸುವವರು, ತಮಗೆ ಒಪ್ಪಿಗೆಯಾಗದ ವಾಕ್ಯ ಎದುರಾದಾಗ, ಅದೇ ಲೇಖನದ ನಡುವೆ ಆವರಣದೊಳಗೆ ತಮ್ಮ ಆಕ್ಷೇಪಣೆಯನ್ನು ಸೇರಿಸಿ, ಕೊನೆಗೆ ‘ಜೋಡಿಸಿದವನು’ ಎಂದು ಸಹಿ ಹಾಕುತ್ತಿದ್ದರು. ಜರ್ಮನ್ನಿನ ಆ ಪದದ ಕಾಗುಣಿತವನ್ನೂ ಬೇಕೆಂದೇ ತಪ್ಪಾಗಿ ಬರೆಯುತ್ತಿದ್ದರು. ಮರುದಿನ ಲೇಖನದ ಜೊತೆಗೆ ಆ ತಕರಾರೂ ಓದುಗರ ಕೈ ಸೇರುತ್ತಿತ್ತು. ಸಂಪಾದಕರ ಬರಹಕ್ಕೆ ಅಚ್ಚುಮನೆಯವರು ಅದೇ ಪುಟದಲ್ಲಿ ಎದುರು ಮಾತಾಡಬಹುದಾಗಿದ್ದ ಬೇರೆ ದಿನಪತ್ರಿಕೆಯನ್ನು ನಾನು ಕಂಡಿಲ್ಲ. 1980ರಲ್ಲಿ ಅಲ್ಲಿನ ಮಹಿಳೆಯರು ಮುಷ್ಕರ ಹೂಡಿ, 52 ಶೇಕಡಾ ಸ್ಥಾನಗಳು ಮಹಿಳೆಯರಿಗೆ ಎಂಬ ನಿಯಮವನ್ನು ಗಳಿಸಿಕೊಂಡರು. ಸಂಬಳ ಕಡಿಮೆಯಿದ್ದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರನ್ನು ಬರಿಯ ಬಲಿಪಶುಗಳೆಂದು ಎಣಿಸಿದರೆ ಅವರಿಗೆ ಅನ್ಯಾಯ ಮಾಡಿದಂತೆ.

ಪ್ರಶ್ನಕ:

ಸಂಬಳದ ವಿಷಯ ಒತ್ತಟ್ಟಿಗಿರಲಿ. ನನಗಿರುವ ಅನುಮಾನ ಬೇರೆ. ಓದುಗರೇ ಅನ್ನದಾತರಾದರೆ, ಅವರಿಗೆ ಹಿಡಿಸದ ಮಾತನ್ನು ಪತ್ರಿಕೆ ಹೇಗೆ ಬರೆದೀತು? 1980ರಲ್ಲಿ ಇದೇ ಪತ್ರಿಕೆ ‘ಎಲ್ ಸಾಲ್ವಡೋರಿಗೆ ಶಸ್ತ್ರಾಸ್ತ್ರ’ ಎಂಬ ಹೆಸರಿನಲ್ಲಿ ಗೆರಿಲ್ಲಾಗಳಿಗಾಗಿ ವಂತಿಗೆ ಎತ್ತಲು ಆರಂಭಿಸಿತು, ಮುಂದಿನ ವರ್ಷಗಳಲ್ಲಿ ಅದು 40 ಲಕ್ಷ ಮಾರ್ಕುಗಳನ್ನು ದಾಟಿತು. ಸುದ್ದಿ ಬರೆಯುವವರು ಬಂದೂಕಿಗೆ ಹಣ ಕೂಡಿಸುವುದು ಪತ್ರಿಕಾಧರ್ಮವೇ? ಓದುಗರು ಕೈಬಿಚ್ಚಿ ಕೊಟ್ಟರೆಂಬುದು ಅದಕ್ಕೆ ಸಮರ್ಥನೆಯಾಗದು. ಒಂದೇ ಬಗೆಯ ಓದುಗರನ್ನು ನೆಚ್ಚಿಕೊಂಡ ಪತ್ರಿಕೆ ಎಲ್ಲಿಗೆ ಜಾರುತ್ತದೆ ಎಂಬುದಕ್ಕೇ ಅದು ಸಾಕ್ಷಿ.

ಸ್ಪ್ರೇದಂಡೆ:

ಆ ವಂತಿಗೆ ತಪ್ಪೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ನೋಡುವವನು ಮತ್ತು ಕಾದಾಡುವವನು ಒಬ್ಬನೇ ಆಗಬಾರದು. ಆದರೆ ಆಗ ಸಹಕಾರ ಸಂಘ ಇನ್ನೂ ಹುಟ್ಟಿರಲಿಲ್ಲ, ಪತ್ರಿಕೆ ಅಲ್ಲಿ ದುಡಿಯುವವರ ಕೈಯಲ್ಲೇ ಇತ್ತು. ಆದ್ದರಿಂದ ಆ ದೋಷವನ್ನು ಓದುಗರ ಒಡೆತನದ ಲೆಕ್ಕಕ್ಕೆ ಬರೆಯಲಾಗದು.

ಓದುಗರು ಒಡೆಯರಾದ ಮೇಲಿನ ಉದಾಹರಣೆ ಬೇಕಾದರೆ 2020ರ ಜೂನ್ ತಿಂಗಳನ್ನು ನೋಡಿ. ಪೊಲೀಸರನ್ನು ಕಸದ ಗುಡ್ಡೆಗೆ ಕಳಿಸಬೇಕೆಂಬ ಅರ್ಥದ ಒಂದು ಅಂಕಣ ಪ್ರಕಟವಾದಾಗ, ಒಕ್ಕೂಟದ ಗೃಹಸಚಿವರಾಗಿದ್ದ ಹಾರ್ಸ್ಟ್ ಸೇಹೋಫರ್ ದೂರು ದಾಖಲಿಸುವುದಾಗಿ ಹೇಳಿ, ಬಳಿಕ ಹಿಂದೆ ಸರಿದರು. ಜರ್ಮನ್ ಪತ್ರಿಕಾ ಮಂಡಳಿ ಆ ಅಂಕಣವನ್ನು ಅಭಿಪ್ರಾಯ ಸ್ವಾತಂತ್ರ್ಯದ ಮಿತಿಯೊಳಗಿನದೆಂದು ತೀರ್ಮಾನಿಸಿತು. ಆ ದಿನಗಳಲ್ಲಿ ಅಂಕಣವನ್ನು ಖಂಡಿಸಿಯೂ ಸಮರ್ಥಿಸಿಯೂ ಅದೇ ಪತ್ರಿಕೆಯ ಪುಟಗಳಲ್ಲಿ ಬರಹಗಳು ಬಂದವು, ಸಂಪಾದಕೀಯ ಬಳಗದ ಒಡಕು ಮುಚ್ಚುಮರೆಯಿಲ್ಲದೆ ಕಂಡಿತು. ನನಗೆ ಆ ಅಂಕಣ ಹಿಡಿಸಲಿಲ್ಲ. ಹಾಗಿದ್ದೂ ನಾನು ಚಂದಾ ನಿಲ್ಲಿಸದಿದ್ದುದಕ್ಕೆ ಆ ಬಹಿರಂಗ ಜಗಳವೇ ಕಾರಣ.

ಗದಗಿನ ಸಹಕಾರಿ:

ಒಡೆತನ ಒಡೆತನವೆಂದು ಎಲ್ಲರೂ ಬರೆಯುತ್ತಿದ್ದೀರಿ. ಆ ಒಡೆತನದ ಬೈಲಾ ಏನೆಂಬುದನ್ನು ಯಾರೂ ಎತ್ತಿಕೊಂಡಿಲ್ಲ. ನಾನು ಮೂರು ದಶಕ ಸಹಕಾರ ಸಂಘಗಳ ಲೆಕ್ಕಪತ್ರ ನೋಡಿದವನು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬರ್ಲಿನ್ ಗೋಡೆ ಬಿದ್ದ ಮೇಲೆ, ಪಶ್ಚಿಮ ಬರ್ಲಿನ್ನಿನ ಉದ್ಯಮಗಳಿಗೆ ಸಿಗುತ್ತಿದ್ದ ವಿಶೇಷ ತೆರಿಗೆ ರಿಯಾಯಿತಿಗಳು ರದ್ದಾದವು. ಆ ರಿಯಾಯಿತಿಯನ್ನು ನೆಚ್ಚಿದ್ದ ಈ ಪತ್ರಿಕೆ 1991ರಲ್ಲಿ ದಿವಾಳಿಯ ಅಂಚಿಗೆ ಬಂತು. ದುಡ್ಡುಳ್ಳ ಹೂಡಿಕೆದಾರನೊಬ್ಬನನ್ನು ಕರೆತರೋಣವೆಂದು ಒಂದು ಬಣ, ಓದುಗರ ಸಹಕಾರ ಸಂಘ ಕಟ್ಟೋಣವೆಂದು ಇನ್ನೊಂದು ಬಣ ಹಟ ಹಿಡಿದವು. ಕಹಿಯಾದ ವಾದವಿವಾದದ ಕೊನೆಗೆ ಸಹಕಾರದ ಪಕ್ಷ ಗೆದ್ದಿತು, 1992ರಲ್ಲಿ ಸಂಘ ಕೆಲಸ ಆರಂಭಿಸಿತು. ಈಗ ಸದಸ್ಯರ ಸಂಖ್ಯೆ 20 ಸಾವಿರಕ್ಕಿಂತ ಹೆಚ್ಚಿದೆ. ಕನಿಷ್ಠ ಷೇರು 500 ಯೂರೋ, ಅದನ್ನು ಕಂತುಗಳಲ್ಲಿ ಕಟ್ಟುವುದಕ್ಕೂ ಅವಕಾಶವಿದೆ.

ಮುಖ್ಯವಾದ ಅಂಶ ಇನ್ನು ಮುಂದಿನದು. ಒಬ್ಬ ಸದಸ್ಯನ ಬಳಿ ಒಂದೇ ಷೇರಿರಲಿ, ನೂರಿರಲಿ, ಮಹಾಸಭೆಯಲ್ಲಿ ಅವನಿಗೆ ಒಂದೇ ಮತ. ಈ ಪತ್ರಿಕೆ ಹುಟ್ಟಿನಿಂದಲೂ ಎದುರಾಳಿಯೆಂದು ಕಂಡ ‘ಬಿಲ್ಡ್’ ಪತ್ರಿಕೆಯ ಅಂದಿನ ಪ್ರಧಾನ ಸಂಪಾದಕ ಕೈ ಡೀಕ್‌ಮನ್ 2009ರಲ್ಲಿ ಇದೇ ಸಂಘದ ಷೇರು ಕೊಂಡು ಸದಸ್ಯರಾದರು. ಕಂಪನಿಯಾಗಿದ್ದರೆ ಅದು ಗಾಬರಿ ಹುಟ್ಟಿಸುವ ಸುದ್ದಿಯಾಗುತ್ತಿತ್ತು. ಸಂಘದಲ್ಲಿ ಅವರದೂ ಸಾವಿರಾರು ಮತಗಳ ನಡುವಿನ ಒಂದು ಮತ, ಅಷ್ಟೆ.

ಜೊತೆಗೆ ಜರ್ಮನಿಯ ಸಹಕಾರ ಕಾಯಿದೆಯ ಪ್ರಕಾರ ಸದಸ್ಯತ್ವ ಬಿಟ್ಟು ಹೋಗುವವನಿಗೆ ತನ್ನ ಹೆಸರಿನಲ್ಲಿರುವ ಷೇರು ಹಣ ಮಾತ್ರ ಮರಳಿ ಸಿಗುತ್ತದೆ. ಸಂಘದ ಮೀಸಲು ನಿಧಿಯಲ್ಲಾಗಲಿ, ಆಸ್ತಿಯ ಏರಿದ ಬೆಲೆಯಲ್ಲಾಗಲಿ ಅವನಿಗೆ ಸಾಮಾನ್ಯವಾಗಿ ಪಾಲಿಲ್ಲ. 2018ರಲ್ಲಿ ಈ ಪತ್ರಿಕೆ ಬರ್ಲಿನ್ನಿನ ನಟ್ಟನಡುವೆ, ಫ್ರೀಡ್ರಿಖ್ ಬೀದಿಯಲ್ಲಿ ಸ್ವಂತ ಹೊಸ ಕಟ್ಟಡಕ್ಕೆ ಹೋಯಿತು. ಆ ಕಟ್ಟಡದ ಬೆಲೆ ಎಷ್ಟೇ ಏರಲಿ, ಸಂಘ ಬಿಡುವ ಸದಸ್ಯನ ಕೈಗೆ ಅದರಲ್ಲಿ ಕಾಸೂ ಬರುವುದಿಲ್ಲ. ತನ್ನ ಷೇರಿನಿಂದ ಲಾಭ ಮಾಡಿಕೊಳ್ಳುವ ದಾರಿಯೇ ಇಲ್ಲದವನಿಗೆ ಅದನ್ನು ಹೆಚ್ಚಿನ ಬೆಲೆ ಕೊಡುವವನಿಗೆ ದಾಟಿಸುವ ಆಸೆ ಹುಟ್ಟುವುದಾದರೂ ಹೇಗೆ? ಪತ್ರಿಕೆಯನ್ನು ಕಾದದ್ದು ಓದುಗರ ಒಳ್ಳೆಯತನವೊಂದೇ ಅಲ್ಲ, ಈ ಕಲಮೂ ಹೌದು.

ಇದು ನಮಗೆ ಅಪರಿಚಿತವೇನಲ್ಲ. ಮದರಾಸು ಸರ್ಕಾರ ಕಳಿಸಿದ್ದ ಫ್ರೆಡರಿಕ್ ನಿಕಲ್ಸನ್ ಜರ್ಮನಿಯ ರೈಫೈಸನ್ ಮಾದರಿಯ ಹಳ್ಳಿಗಾಡಿನ ಸಾಲ ಸಹಕಾರ ಸಂಘಗಳನ್ನು ಅಧ್ಯಯನ ಮಾಡಿ ಕೊಟ್ಟ ವರದಿಯ ಬೆನ್ನಿಗೇ 1904ರ ಸಹಕಾರ ಕಾಯಿದೆ ಬಂತು; ಮರುವರ್ಷ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಬೀಜ ಒಂದೇ ಮಣ್ಣಿನದು.

ಅಚ್ಚುಮೊಳೆ:

ಸಹಕಾರಿಯವರೇ, ನಾನು ಅಂದಾಜಿನಲ್ಲಿ ಹೇಳಿದ್ದನ್ನು ನೀವು ಕಲಮು ಹಿಡಿದು ತೋರಿಸಿದಿರಿ. ಕನ್ನಡದ ಓದುಗನಾಗಿ ನನಗೆ ನೆನಪಾಗುವುದು 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’. ಜಾಹೀರಾತಿಲ್ಲದೆ, ಓದುಗರು ಕೊಟ್ಟ ಬೆಲೆಯಿಂದಲೇ ನಡೆದ ವಾರಪತ್ರಿಕೆ ಅದು. ಓದುಗರ ಹಣವನ್ನೇ ನಂಬಿದ ಎರಡು ಪ್ರಯತ್ನಗಳು ಒಂದೇ ವರ್ಷದ ಅಂತರದಲ್ಲಿ ಎರಡು ದೇಶಗಳಲ್ಲಿ ಹುಟ್ಟಿದವು. ಇಲ್ಲಿನದು ಒಬ್ಬ ಲೇಖಕನ ದೈತ್ಯ ವ್ಯಕ್ತಿತ್ವದ ಮೇಲೆ ನಿಂತಿತ್ತು. ಅಲ್ಲಿನವರು ಸಂಪಾದಕರು ಬದಲಾದರೂ ಉಳಿಯುವ ಸಂಸ್ಥೆಯೊಂದನ್ನು ಕಟ್ಟಿಕೊಂಡರು.

ಕೂಲಿಲೆಕ್ಕ:

ಲಾಭಕ್ಕಾಗಿ ಮಾರಲಾಗದಂತೆ ಬಿಗಿದ ಕಲಮನ್ನು ನಾನೂ ಮೆಚ್ಚುತ್ತೇನೆ. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಸದಸ್ಯನ ಷೇರು ಒಮ್ಮೆ ಕೊಟ್ಟು ಮುಗಿಯುವ ಹಣ, ವರದಿಗಾರನ ಸಂಬಳ ತಿಂಗಳು ತಿಂಗಳೂ ಬೇಕಾಗುವ ಹಣ. ಎರಡನೆಯದು ಎಲ್ಲಿಂದ ಬರಬೇಕು?

ಸ್ಪ್ರೇದಂಡೆ:

ಅದು ಚಂದಾದಿಂದ ಬರಬೇಕು, ಮತ್ತು ಅದರ ವಿಧಾನವೂ ವಿಶೇಷವಾದದ್ದು. ಒಂದೇ ಪತ್ರಿಕೆಗೆ ಮೂರು ದರಗಳಿವೆ: ಕೈ ಬಿಗಿಯಿರುವವರಿಗೆ ಕಡಿಮೆಯದು, ನಡುವಿನದು, ಮತ್ತು ಅನುಕೂಲಸ್ಥರು ಇತರರ ಕೊರತೆಯನ್ನು ತುಂಬಲೆಂದು ಕೊಡುವ ‘ರಾಜಕೀಯ ದರ’. ಯಾವುದನ್ನು ಕೊಡಬೇಕೆಂದು ಓದುಗನೇ ಆರಿಸಿಕೊಳ್ಳುತ್ತಾನೆ. ಆದಾಯದ ದಾಖಲೆಯನ್ನು ಯಾರೂ ಕೇಳುವುದಿಲ್ಲ. ವಿದ್ಯಾರ್ಥಿಯಾಗಿ ಇಲ್ಲಿಗೆ ಬಂದಾಗ ನಾನು ಕಡಿಮೆಯ ದರದಲ್ಲಿ ಓದಿದೆ, ಕೆಲಸ ಸಿಕ್ಕ ವರ್ಷ ನಡುವಿನದಕ್ಕೆ ಏರಿದೆ, ಎರಡು ವರ್ಷಗಳಿಂದ ಮೂರನೆಯದನ್ನು ಕೊಡುತ್ತಿದ್ದೇನೆ. ಅಂತರಜಾಲದ ಬರಹಗಳಿಗೂ ಬೀಗ ಹಾಕಿಲ್ಲ, ಇಷ್ಟವಿದ್ದವರು ತಿಂಗಳಿಗಿಷ್ಟೆಂದು ಕೊಡುತ್ತಾರೆ.

ಇದರಿಂದ ಸಂಬಳದ ಕೊರತೆ ಪೂರ್ತಿ ನೀಗಿದೆಯೆಂದು ನಾನು ಹೇಳಲಾರೆ. ಆದರೆ ಟ್ರಕ್ಕು, ಕಾಗದ, ಮುಂಜಾನೆಯ ವಿತರಣೆಗೆ ಹೋಗುತ್ತಿದ್ದ ವಾರದ ಐದು ದಿನಗಳ ಖರ್ಚು ಈಗ ತಪ್ಪಿದೆ. ಆ ಉಳಿತಾಯದಲ್ಲಿ ವರದಿಗಾರರಿಗೆ ಎಷ್ಟು ಪಾಲು ಎಂದು ಮಹಾಸಭೆಯಲ್ಲಿ ಕೇಳುವ ಹಕ್ಕು ಸದಸ್ಯರಿಗಿದೆ. ನಾನು ಇಷ್ಟು ವರ್ಷ ಚಂದಾದಾರನಾಗಿದ್ದೆನೇ ಹೊರತು ಸದಸ್ಯನಾಗಿರಲಿಲ್ಲ. ಕೂಲಿಲೆಕ್ಕ ಅವರ ಮಾತು ಓದಿದ ಮೇಲೆ ನಿನ್ನೆ ರಾತ್ರಿ ಷೇರಿನ ಅರ್ಜಿ ತುಂಬಿದೆ, 500 ಯೂರೋವನ್ನು ಕಂತಿನಲ್ಲಿ ಕಟ್ಟುತ್ತೇನೆ. ಮುಂದಿನ ಮಹಾಸಭೆಯಲ್ಲಿ ಈ ಒಂದು ಪ್ರಶ್ನೆಯನ್ನು ಎತ್ತಿ, ಸಿಕ್ಕ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.